ಕಾಂತಗಳ ಜೋಡಿಯೂ ನಮ್ಮ ಮಕ್ಕಳ ಭಾಷೆಯೂ

ತೃಶ್ಶಿಲೇರಿಯ ಕನ್ನಡ ಮನೆಯೊಂದರ ಜಗಲಿಯಲ್ಲಿ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಹತ್ತರ ತನಕ ಕನ್ನಡದಲ್ಲಿ ಓದಿದ ಹುಡುಗನಿಗೆ ಮುಂದೆ ದೊಡ್ಡ ವಿಜ್ಞಾನ ತಲೆಗೆ ಹತ್ತುವುದುಂಟೇ ಮಾಸ್ಟ್ರೇ?" ವಾದ ಮಾಡುವ ಬದಲು ಇಂದಿನ ಭೌತಶಾಸ್ತ್ರದ ಕಠಿಣ ವಿಷಯವೊಂದನ್ನೇ ಅಲ್ಲಿ ಎತ್ತಿಕೊಂಡೆವು.

ಅಯಸ್ಕಾಂತದೊಳಗಿನ ಪುಟ್ಟ ಕಾಂತಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ ನಿಲ್ಲುತ್ತವೆಂದು ನಾವು ಪಾಠ ಹೇಳುತ್ತೇವೆ, ಗದ್ದೆಯ ಸಾಲುನಾಟಿಯಂತೆ. ಕೆಲವು ವಸ್ತುಗಳಲ್ಲಿ ನೆರೆಯವು ಒಂದಕ್ಕೊಂದು ವಿರುದ್ಧ ಮುಖ ಮಾಡುತ್ತವೆ. ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ನೀಲ್ ಅವರಿಗೆ 1970ರಲ್ಲಿ ನೊಬೆಲ್ ಬಂತು. ಆದರೆ ಒಲೆಯ ಮೂರು ಕಲ್ಲುಗಳಂತೆ ಮೂರು ಕಾಂತಗಳು ಸೇರಿದರೆ? ಒಂದು ಮೇಲೆ, ಒಂದು ಕೆಳಗೆ. ಮೂರನೆಯದು ಯಾರಿಗೆ ವಿರುದ್ಧ ನಿಲ್ಲಬೇಕು? ಹೇಗೆ ನಿಂತರೂ ಒಬ್ಬರಿಗೆ ಮುನಿಸು.

ಈ ಇಕ್ಕಟ್ಟಿನಲ್ಲಿ ಕ್ವಾಂಟಂ ನಿಯಮ ಬೇರೊಂದು ದಾರಿ ತೆರೆಯುತ್ತದೆ. ಕಾಂತಗಳು ಎರಡೆರಡಾಗಿ ಜೋಡಿಯಾಗುತ್ತವೆ. ಒಂದೊಂದರ ಮುಖ ಎತ್ತ ಎಂದು ಹೇಳಬರುವುದಿಲ್ಲ. ಜೋಡಿಯವು ಪರಸ್ಪರ ವಿರುದ್ಧ ಎಂಬುದು ಮಾತ್ರ ನಿಶ್ಚಿತ. ಸಾಲಿಲ್ಲ, ಆದರೂ ಕೋಲಾಟದಂತೆ ಕ್ರಮವಿದೆ. 1981ರಲ್ಲಿ ಬಿ. ಶ್ರೀರಾಮ ಶಾಸ್ತ್ರಿ ಮತ್ತು ಬಿಲ್ ಸದರ್ಲ್ಯಾಂಡ್ ಇಂತಹ ಜೋಡಿಗಳ ಹಾಸನ್ನು ಲೆಕ್ಕದಿಂದ ನಿಖರವಾಗಿ ತೋರಿಸಿದರು. ಅದರಲ್ಲಿ ಪಕ್ಕದ ಕಾಂತವು ಜೋಡಿಯ ಎರಡನ್ನೂ ಸಮನಾಗಿ ಎಳೆಯುವುದರಿಂದ ಆ ಎಳೆತ ಕಳೆದುಹೋಗಿ ಜೋಡಿ ಉಳಿಯುತ್ತದೆ. ಶಾಸ್ತ್ರಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದರು. ಕಾಗದದ ಮೇಲಿದ್ದ ಆ ಹಾಸು ಸ್ಟ್ರಾನ್ಷಿಯಂ, ತಾಮ್ರ, ಬೋರಾನ್, ಆಮ್ಲಜನಕಗಳ ಸಂಯುಕ್ತವೊಂದರಲ್ಲಿ ಇರುವುದನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡರು. ಅದನ್ನು ಬಲವಾಗಿ ಒತ್ತಿದರೆ ಜೋಡಿಗಳು ನಾಲ್ಕು ನಾಲ್ಕರ ಗುಂಪುಗಳಾಗುತ್ತವೆಂದು 2017ರಲ್ಲಿ ವರದಿಯಾಯಿತು.

ಇಷ್ಟು ಕೇಳಿ ಮನೆಯ ಹುಡುಗ, "ಜೋಡಿ ಸಿಗದೆ ಒಂದು ಉಳಿದರೆ?" ಎಂದ. ಸಂಶೋಧಕರು ಬೆನ್ನು ಹತ್ತಿರುವ ಪ್ರಶ್ನೆಯೇ ಅದು! ಅದು ಬಂದದ್ದು ಅವನ ಮನೆಮಾತಿನಲ್ಲಿ.

ಇದೇ ಹುಡುಗರು ಹನ್ನೊಂದನೆಯ ತರಗತಿಯಲ್ಲಿ ಇಂಗ್ಲಿಷಿಗೆ ಹೊರಳಿದೊಡನೆ ಮೂಕರಾಗುವುದನ್ನು, ಕೆಲವರು ವಿಜ್ಞಾನವನ್ನೇ ಬಿಡುವುದನ್ನು ನಾವು ಕಂಡಿದ್ದೇವೆ. ಬುದ್ಧಿ ಸಾಲದೆ ಅಲ್ಲ, ಪದದ ಹೊಸ್ತಿಲಲ್ಲಿ ಎಡವಿ. ತಪ್ಪು ಕನ್ನಡದ ಮೇಲೆ ಬೀಳುತ್ತದೆ. ತಂಗಿಯನ್ನು ಒಂದನೆಯ ತರಗತಿಗೇ ಇಂಗ್ಲಿಷ್ ಶಾಲೆಗೆ ಸೇರಿಸುತ್ತಾರೆ.

ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಕ್ವಾಂಟಂ ಎಂಬ ಪದ ಹಾಗೆಯೇ ಇರಲಿ. ಅರ್ಥ ಕನ್ನಡದಲ್ಲಿ ಮೂಡಲಿ. ಹತ್ತು ಮುಗಿಸಿದ ಅಲ್ಪಸಂಖ್ಯಾತ ಮಕ್ಕಳ ಕೈಗೆ ಎರಡೂ ಭಾಷೆಯ ಪದಪಟ್ಟಿಯೊಂದನ್ನು ಕೊಡಬೇಕು; ಮೊದಲ ಕೆಲವು ವಾರ ಅವರಿಗೆ ಪ್ರತ್ಯೇಕ ಪಾಠ ನಡೆಯಬೇಕು. ಇದನ್ನು ಅಧಿಕಾರಿಗಳಿಂದ ಕೇಳಿ ಪಡೆಯುವುದು ನಮ್ಮೆಲ್ಲರ ಕೆಲಸ. ಹೆತ್ತವರು ಮಾಡಬಹುದಾದ್ದು ಇನ್ನೂ ಸುಲಭ: ಇಂದು ಕಲಿತದ್ದನ್ನು ನಮ್ಮ ಮಾತಿನಲ್ಲಿ ಹೇಳು ಎಂದು ರಾತ್ರಿ ಊಟದ ಹೊತ್ತಿಗೆ ಮಗುವನ್ನು ಕೇಳಿ. ಹೇಳಲು ಬಂದರೆ ಪಾಠ ತಿಳಿದಿದೆ. ಬಾರದಿದ್ದರೆ ಯಾವ ಭಾಷೆಯಲ್ಲೂ ತಿಳಿದಿಲ್ಲ.