ಪೊಟ್ಟಣ ಬಿಚ್ಚುವ ಮುನ್ನ

ಕನ್ನಡದ ಅಳಿವು-ಉಳಿವಿನ ಬಗ್ಗೆ ನಮ್ಮ ಸಮ್ಮೇಳನಗಳಲ್ಲಿ ಚರ್ಚೆಗೆ ಎಂದೂ ಕೊರತೆಯಿಲ್ಲ. ಶಿಕ್ಷಣ, ಚಲನಚಿತ್ರ, ಯಕ್ಷಗಾನ, ಮಕ್ಕಳ ಮನೆಮಾತು ಹೀಗೆ ಒಂದೊಂದಕ್ಕೂ ಒಂದೊಂದು ಗೋಷ್ಠಿ ಉಂಟು. ಆದರೆ ಇಂದು ಕನ್ನಡದ ಬರವಣಿಗೆ ಬಹುಮಟ್ಟಿಗೆ ನಡೆಯುವುದು ಗಣಕಯಂತ್ರದ ಮೇಲೆ. ಅಲ್ಲಿಗೆ ಕನ್ನಡ ಬಂದು ಸೇರುವ ದಾರಿ ಯಾವುದು, ಆ ದಾರಿ ಎಷ್ಟು ನೇರವಾಗಿದೆ ಎಂದು ಮಾತ್ರ ನಾವು ವಿಚಾರಿಸಿದ್ದು ಕಡಿಮೆ. ಅಂತರ್ಜಾಲದಿಂದ ಇಳಿಸಿಕೊಂಡ ತಂತ್ರಾಂಶವನ್ನು ಕಟ್ಟುವ ಮತ್ತು ಬಿಚ್ಚುವ ರೀತಿ ತಂತ್ರಜ್ಞರಿಗೆ ಮಾತ್ರ ಸೇರಿದ ಸಂಗತಿಯಲ್ಲ, ಭಾಷೆಯ ಬಾಳ್ವೆಗೂ ಸೇರಿದ್ದು ಎಂಬುದು ನನ್ನ ನಿವೇದನೆ.

ತಂತ್ರಾಂಶವೆಂದರೆ ಒಂದೇ ಕಡತವಲ್ಲ. ಕನ್ನಡ ಬರೆಯುವ ಒಂದು ಸಾಧನದಲ್ಲಿ ಮೂಲ ಪ್ರೋಗ್ರಾಮು, ಕೀಲಿಮಣೆಯ ವಿನ್ಯಾಸ, ಫಾಂಟುಗಳು, ಸಹಾಯಪುಟಗಳು ಎಲ್ಲವೂ ಇರುತ್ತವೆ. ಇವನ್ನೆಲ್ಲ ಒತ್ತಿ ಕಟ್ಟಿದ ಪೊಟ್ಟಣವೇ ನಾವು ಇಳಿಸಿಕೊಳ್ಳುವ ಸೆಟಪ್ ಕಡತ. ಅದು ಒಂದೊಂದನ್ನೂ ಅದರದರ ಸ್ಥಾನಕ್ಕೆ ಸೇರಿಸಿ, ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಅವುಗಳ ವಿವರ ದಾಖಲಿಸುತ್ತದೆ. ಬೇಡವಾದಾಗ ಎಲ್ಲವನ್ನೂ ತೆಗೆದುಹಾಕುವ ಉಪಾಯವನ್ನೂ ಇಟ್ಟುಹೋಗುವುದು ಒಳ್ಳೆಯ ಪೊಟ್ಟಣದ ಲಕ್ಷಣ.

ಈ ವಿಷಯದಲ್ಲಿ ನಮ್ಮ ಹಿರಿಯರು ಮಾಡಿದ ಕೆಲಸ ಸಣ್ಣದಲ್ಲ. ಕೆ. ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಅಳವಡಿಸಿ ತೋರಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಅದನ್ನು ಅಂದು ಯಾರಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾಗಿತ್ತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕರ್ನಾಟಕ ಸರ್ಕಾರದ ಬೆಂಬಲದೊಡನೆ ಕಚೇರಿ ಕಚೇರಿಗಳಿಗೆ ತಲುಪಿತು. ಸಮುದ್ರದಾಚೆಯ ನಮಗೆ ಕನ್ನಡದಲ್ಲಿ ಪತ್ರ ಬರೆಯುವ ಭಾಗ್ಯ ಮರಳಿದ್ದು ಈ ಪೊಟ್ಟಣಗಳಿಂದಲೇ.

ಆದರೆ ಆ ಕಾಲದ ಪೊಟ್ಟಣಗಳಲ್ಲಿ ಒಂದು ತೊಡಕು ಅಡಗಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ತುಣುಕುಗಳನ್ನು ಕೂರಿಸಿ ಫಾಂಟು ರಚಿಸುತ್ತಿದ್ದರು. ಆ ಫಾಂಟು ಇರುವ ಯಂತ್ರದಲ್ಲಿ ಕನ್ನಡ, ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳನ್ನು ಕೊಟ್ಟಿದ್ದರೂ ವಿಂಡೋಸ್ ಕನ್ನಡವನ್ನು ಒಳಗೊಂಡಿದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ‘ತುಂಗಾ’ ಫಾಂಟಿನೊಡನೆ. ಆಗಲೂ ಅದು ತಾನಾಗಿ ಮೈದೋರುತ್ತಿರಲಿಲ್ಲ. ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಸೇರಿದ ಒಂದೇ ಚೌಕದಲ್ಲಿ ಗುರುತು ಹಾಕಿ, ಮೂಲ ಸಿ.ಡಿ.ಯಿಂದ ಕಡತಗಳನ್ನು ಸೇರಿಸಬೇಕಾಗಿತ್ತು.

ಕೊಲ್ಲಿ ನಾಡಿನ ಕನ್ನಡಿಗರಿಗೆ ಇಲ್ಲೊಂದು ಸ್ವಾರಸ್ಯವಿದೆ. ಅರಬ್ಬಿಗಾಗಿ ಆ ಚೌಕದಲ್ಲಿ ಗುರುತು ಬಿದ್ದ ಯಂತ್ರದಲ್ಲಿ ಕನ್ನಡವೂ ಸರಿಯಾಗಿ ಮೂಡುತ್ತಿತ್ತು. ಆತಿಥೇಯರ ಭಾಷೆಗೆ ತೆರೆದ ಬಾಗಿಲಿನಲ್ಲಿ ಅತಿಥಿಯ ಭಾಷೆಯೂ ಒಳಬಂದಂತಾಯಿತು! 2007ರ ವಿಸ್ಟಾದಿಂದ ಈಚೆಗೆ ಆ ಶ್ರಮವೂ ಇಲ್ಲ. ಹಾಗಾದರೆ ಕಷ್ಟ ಕಳೆಯಿತೇ? ಇಲ್ಲ, ಅದು ರೂಪ ಬದಲಿಸಿತು.

ದುಬೈ ಮತ್ತು ಶಾರ್ಜಾಗಳ ಗಡಿಯಲ್ಲಿರುವ ನಮ್ಮ ಅಲ್ ನಹ್ದಾದ ಮನೆಯೊಂದನ್ನು ಊಹಿಸಿಕೊಳ್ಳಿ. ಊರಿನಿಂದ ಬಂದ ಅಜ್ಜ ನಾಲ್ಕು ಪುಟ ಬರೆಯಬೇಕೆನ್ನುತ್ತಾರೆ. ಮೊಮ್ಮಗಳು ಹುಡುಕುತ್ತಾಳೆ, ಮೊದಲು ಕಂಡ ತಾಣದ ದೊಡ್ಡ ಹಸಿರು ಗುಂಡಿಯನ್ನು ಒತ್ತುತ್ತಾಳೆ, ಬಳಿಕ ‘ನೆಕ್ಸ್ಟ್’, ‘ನೆಕ್ಸ್ಟ್’. ಕನ್ನಡದ ಜೊತೆಗೆ ಕೇಳದ ಟೂಲ್‌ಬಾರು, ಜಾಹೀರಾತಿನ ಕಿಟಕಿಗಳೂ ಒಳಸೇರಿರುತ್ತವೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇಂಥದ್ದಕ್ಕೇ ಸಲ್ಲುತ್ತದೆ. ಹೆಸರಾಂತ ತಾಣಗಳೂ ಇದಕ್ಕೆ ಹೊರತಾಗಿರಲಿಲ್ಲ. 2011ರಲ್ಲಿ ಡೌನ್‌ಲೋಡ್ ಡಾಟ್ ಕಾಮ್ ‘ಎನ್‌ಮ್ಯಾಪ್’ ತಂತ್ರಾಂಶವನ್ನು ತನ್ನದೇ ಹೊದಿಕೆಯಲ್ಲಿ ಕಟ್ಟಿ ಹಂಚಿದಾಗ ಅದರ ಕರ್ತೃವೇ ಬಹಿರಂಗವಾಗಿ ಪ್ರತಿಭಟಿಸಿದರು. 2015ರಲ್ಲಿ ಸೋರ್ಸ್‌ಫೋರ್ಜ್ ತಾಣ ‘ಗಿಂಪ್’ ತಂತ್ರಾಂಶಕ್ಕೆ ಅದನ್ನೇ ಮಾಡಿ ಟೀಕೆಗೆ ಗುರಿಯಾಯಿತು. ಅದರ ಹೊಸ ಒಡೆಯರು 2016ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು.

ಇನ್ನೊಂದು ವಿಪರ್ಯಾಸವನ್ನೂ ನೋಡಿ. ಪ್ರಾಮಾಣಿಕ ಕರ್ತೃವೊಬ್ಬ ತನ್ನ ಪುಟದಲ್ಲೇ ಉಚಿತವಾಗಿ ಇಟ್ಟ ಪೊಟ್ಟಣವನ್ನು ತೆರೆಯಹೊರಟರೆ ವಿಂಡೋಸ್ ಎಚ್ಚರಿಕೆಯ ಫಲಕ ತೋರಿಸಿ ತಡೆಯುವುದುಂಟು. ಅದರಲ್ಲಿ ಡಿಜಿಟಲ್ ಸಹಿ ಇಲ್ಲದಿರುವುದು ಇದಕ್ಕೊಂದು ಮುಖ್ಯ ಕಾರಣ. ಸಹಿಯ ಪ್ರಮಾಣಪತ್ರಕ್ಕೆ ವರ್ಷಕ್ಕೆ ನೂರಾರು ಡಾಲರ್ ತೆರಬೇಕು. ಲಾಭದ ಆಸೆಯಿಲ್ಲದೆ ದುಡಿಯುವವನು ಎಲ್ಲಿಂದ ತಂದಾನು? ಜಾಹೀರಾತಿನಿಂದ ಹಣ ಮಾಡುವವನು ಸುಲಭವಾಗಿ ತೆರುತ್ತಾನೆ. ಸಹಿ ಪೊಟ್ಟಣವನ್ನು ಕಟ್ಟಿದವರಾರೆಂದು ಹೇಳುತ್ತದೆಯೇ ಹೊರತು ಅವರು ಸಜ್ಜನರೆಂದು ಹೇಳುವುದಿಲ್ಲ. ಹೀಗೆ ನಿಸ್ವಾರ್ಥಿ ಬಾಗಿಲಲ್ಲೇ ನಿಲ್ಲುತ್ತಾನೆ, ವ್ಯಾಪಾರಿ ಒಳಗೆ ಬರುತ್ತಾನೆ.

ಲಿನಕ್ಸ್ ಲೋಕದಲ್ಲಿ ಬೇರೊಂದು ಮಾರ್ಗವಿದೆ. ಡೆಬಿಯನ್‌ನ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳಿವೆ. ಸ್ವಯಂಸೇವಕರು ಕಟ್ಟಿ, ಭಂಡಾರದ ಸಹಿಯೊಡನೆ ಒದಗಿಸಿದ ಪೊಟ್ಟಣಗಳು ಒಂದೇ ಆಜ್ಞೆಗೆ ಬಂದು ನೆಲೆಗೊಳ್ಳುತ್ತವೆ. ಕಟ್ಟುವ ಹೊಣೆಯನ್ನು ಒಂದು ಸಮುದಾಯ ಹೊತ್ತರೆ ಬಳಸುವವನ ಭಾರ ಇಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಸಂಘ ಕಟ್ಟುವುದರಲ್ಲಿ ಪಳಗಿದ ನಮಗೆ ಈ ಹೊಣೆ ಹೊಸದಾಗಬಾರದು.

ಆದುದರಿಂದ ಸಮ್ಮೇಳನದ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಮೊದಲನೆಯದು, ಉಚಿತ ಕನ್ನಡ ತಂತ್ರಾಂಶಗಳ ಡಿಜಿಟಲ್ ಸಹಿಯ ವೆಚ್ಚವನ್ನು ನಮ್ಮ ಸಂಘಗಳು ಹಂಚಿಕೊಂಡು ಭರಿಸಲಿ. ಒಂದು ಸಂಜೆಯ ವೇದಿಕೆಯ ಅಲಂಕಾರದ ಖರ್ಚಿನಲ್ಲಿ ಅದು ಮುಗಿದೀತು. ಎರಡನೆಯದು, ಸ್ಥಾಪನೆಯ ಪ್ರತಿ ಹೆಜ್ಜೆಯನ್ನೂ ವಿವರಿಸುವ ಕೈಪಿಡಿ ಕನ್ನಡದಲ್ಲಿ ಸಿದ್ಧವಾಗಲಿ. ದುಬೈಯಲ್ಲಿ ‘ಕನ್ನಡ ಮಿತ್ರರು’ ನಡೆಸುತ್ತಿರುವ ಕನ್ನಡ ಪಾಠಶಾಲೆಯಂಥ ಕಡೆ ಅಕ್ಷರದೊಡನೆ ಈ ವಿವೇಕವನ್ನೂ ಕಲಿಸಬಹುದು. ಮೂರನೆಯದು ಎಲ್ಲಕ್ಕಿಂತ ತುರ್ತಿನದು: ಹಳೆಯ ತಂತ್ರಾಂಶಗಳ ಮೂಲ ಪೊಟ್ಟಣಗಳನ್ನೂ ಫಾಂಟುಗಳನ್ನೂ ಅವುಗಳ ಕರ್ತೃಗಳ ಒಪ್ಪಿಗೆ ಪಡೆದು ಒಂದೆಡೆ ಕಾಪಾಡಿ, ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕಾರ್ಯ ಆರಂಭವಾಗಲಿ.

ಸಂಘಗಳ ನಡಾವಳಿಗಳು, ಹಿಂದಿನ ಸ್ಮರಣ ಸಂಚಿಕೆಗಳ ಕರಡುಗಳು, ತೀರಿಕೊಂಡ ತಂದೆತಾಯಿಗಳ ಪತ್ರಗಳು ಎಷ್ಟೋ ಮನೆಗಳ ಹಳೆಯ ಡಿಸ್ಕುಗಳಲ್ಲಿ ಇಂದಿಗೂ ಇವೆ. ತಾಳೆಗರಿಯನ್ನು ಗೆದ್ದಲು ತಿಂದರೆ ಕಣ್ಣಿಗೆ ಕಾಣುತ್ತದೆ; ಫಾಂಟು ಕಾಣೆಯಾಗಿ ಕಡತ ಮೂಕವಾದರೆ ಯಾರಿಗೂ ತಿಳಿಯುವುದಿಲ್ಲ. ಮುಂದಿನ ಸಮ್ಮೇಳನಕ್ಕೆ ಎರಡು ವರ್ಷಗಳಿವೆ. ಅಷ್ಟರೊಳಗೆ ಪ್ರತಿನಿಧಿಗಳಾದ ನಾವು ಒಬ್ಬೊಬ್ಬರೂ ನಮ್ಮ ಮನೆಯ ಒಂದೊಂದು ಹಳೆಯ ಡಿಸ್ಕನ್ನು ತೆರೆದು ನೋಡಿದರೂ ಈ ಕಾರ್ಯಕ್ಕೆ ನಾಂದಿ ಹಾಡಿದಂತಾಗುತ್ತದೆ.