ಕನಕ ಮತ್ತು ಬ್ಯಾಕ್ಟೀರಿಯಾದ ಕತ್ತರಿ

ಮೊನ್ನೆ ಶಿಗ್ಗಾಂವಿಯಲ್ಲಿ ನೆಂಟರ ಹುಡುಗಿಯೊಬ್ಬಳು ಪಿಯುಸಿ ಪುಸ್ತಕ ಹಿಡಿದು ಬಂದು, "ರಿಸ್ಟ್ರಿಕ್ಷನ್ ಎನ್‌ಜೈಮ್ ಅಂದ್ರ ಏನ್ರೀ ಕಾಕಾ?" ಅಂದ್ಳು. "ನಿರ್ಬಂಧಕ ಕಿಣ್ವ" ಅಂದೆ. ಅವಳ ಮುಖ ನೋಡಿ ನನಗೇ ನಾಚಿಕೆಯಾಯ್ತು. ಇಂಗ್ಲಿಷಿನಲ್ಲಿ ಅರ್ಥವಾಗದ್ದನ್ನು ಸಂಸ್ಕೃತದಲ್ಲಿ ಅರ್ಥವಾಗದ ಹಾಗೆ ಮಾಡಿದ್ದೆ, ಅಷ್ಟೆ :-)

ಆಮೇಲೆ ಹೊಳೀತು. ಕನಕದಾಸರ ಬಾಡ ಇದೇ ತಾಲ್ಲೂಕಿನದಲ್ವೆ? "ಕನಕ ಅಂತ ಬರೆದು ಹಿಂದಿನಿಂದ ಓದು" ಅಂದೆ. ಎರಡೂ ಒಂದೇ! ಇ. ಕೋಲಿ ಬ್ಯಾಕ್ಟೀರಿಯಾದ 'ಇಕೋ ಆರ್ ಒನ್' ಎಂಬ ಕಿಣ್ವ ಹುಡುಕೋದೂ ಇಂಥದ್ದೇ ಆರಕ್ಷರದ ಪದ: ಜಿ-ಎ-ಎ-ಟಿ-ಟಿ-ಸಿ. ಒಂದೇ ವ್ಯತ್ಯಾಸ, ಇಲ್ಲಿ ತಿರುವಿ ಓದಬೇಕಾದ್ದು ಅದೇ ಎಳೆಯನ್ನಲ್ಲ, ಡಿಎನ್‌ಎಯ ಜೋಡಿ ಎಳೆಯನ್ನು. ಆ ಪದ ಕಂಡಲ್ಲಿ ಎರಡೂ ಎಳೆ ಕಚಕ್! ಒಳನುಗ್ಗುವ ವೈರಸ್ಸಿನ ಡಿಎನ್‌ಎ ತುಂಡರಿಸಲು ಬ್ಯಾಕ್ಟೀರಿಯಾ ಇಟ್ಟುಕೊಂಡ ಕುಡುಗೋಲು ಇದು. ತನ್ನ ಡಿಎನ್‌ಎಯಲ್ಲಿ ಅದೇ ಪದ ಬಂದ ಕಡೆ ಮೊದಲೇ ಮೀಥೈಲ್ ಗುರುತು ಹಾಕಿಟ್ಟಿರುತ್ತೆ, ಜಾಣ! ನಿರ್ಬಂಧ ಇರೋದು ವೈರಸ್ಸಿಗೆ. 1978ರ ನೊಬೆಲ್ ಆರ್ಬರ್, ನೇಥನ್ಸ್, ಸ್ಮಿತ್ ಮೂವರಿಗೂ ಬಂದದ್ದು ಇದಕ್ಕೇ.

ಯಾಕೆ ಹೇಳ್ತಿದೀನಿ ಅಂದ್ರೆ... ಹಾನಗಲ್, ಸವಣೂರು, ಹಿರೇಕೆರೂರು, ಯಾವ ಕಡೆ ಹೋದರೂ ಈಗ ಹತ್ತಿ ಅಂದ್ರೆ ಹೆಚ್ಚುಕಮ್ಮಿ ಬಿಟಿ ಹತ್ತಿಯೇ. ಮಣ್ಣಿನ ಬ್ಯಾಕ್ಟೀರಿಯಾದ ಜೀನನ್ನು ಕತ್ತರಿಸಿ ಜೋಡಿಸಲು ಬೇಕಾದದ್ದು ಇಂಥ ಕತ್ತರಿಗಳೇ. ಅದನ್ನು ಬಿತ್ತುವವರಿಗೆ ಕನ್ನಡದಲ್ಲಿ ಇದನ್ನು ಹೇಳಿದವರು ಎಷ್ಟು ಜನ?

ಹೇಳದಿದ್ದರೆ ಏನಾಗುತ್ತೆ ಅಂತ 1998ರಲ್ಲೇ ನೋಡಿದ್ದೇವೆ. ರಾಯಚೂರು ಕಡೆ ರೈತಸಂಘದವರು ಪ್ರಯೋಗದ ಬಿಟಿ ಹತ್ತಿ ಸುಟ್ಟಾಗ ಅದರಲ್ಲಿ 'ಟರ್ಮಿನೇಟರ್' ಜೀನಿದೆ ಅನ್ನೋ ಸುದ್ದಿ ಎಲ್ಲೆಡೆ ಹಬ್ಬಿತ್ತು. ಇರಲಿಲ್ಲ. ಉಳಿಸಿದ ಬೀಜ ಮರುವರ್ಷ ಕೈಕೊಡೋದು ಹೈಬ್ರಿಡ್ ಆದ್ದರಿಂದ. ಹೂವಿಗೆ ಹೂವು ಸೋಕಿಸಿ ಹೈಬ್ರಿಡ್ ಬೀಜ ಕಟ್ಟುವ ಹಾವೇರಿ ಜಿಲ್ಲೆಯವರಿಗೆ ಇದನ್ನು ನಾನು ಹೇಳಬೇಕಿಲ್ಲ. ಬೀಜದ ಬೆಲೆ, ಕಂಪನಿಯ ಹಿಡಿತ, ಇಂಥ ನಿಜವಾದ ಪ್ರಶ್ನೆಗಳನ್ನು ಆ ಗಾಳಿಸುದ್ದಿ ನುಂಗಿಹಾಕಿತು ಅನ್ನೋದೇ ನನ್ನ ಸಂಕಟ. ಕತ್ತರಿ ಕರಾರುವಾಕ್ಕು ಸರಿ, ಆದರೆ ಜೀನು ಗಿಡದ ವರ್ಣತಂತುವಿನಲ್ಲಿ ಎಲ್ಲಿ ಹೋಗಿ ಕೂರುತ್ತೆ ಅನ್ನೋದು ಆಗ ಯಾರ ಕೈಯಲ್ಲೂ ಇರಲಿಲ್ಲ. 2002ರಲ್ಲಿ ಒಪ್ಪಿಗೆ ಸಿಗುವ ಮೊದಲು ಊರೂರಲ್ಲಿ ಕೇಳಬೇಕಿದ್ದ ಪ್ರಶ್ನೆ ಇದು. ಕೇಳಲು ಮೊದಲು ಕತ್ತರಿಯ ವಿಷಯ ಗೊತ್ತಿರಬೇಕಲ್ಲ!

ಹುಡುಗಿ ಹೊರಡುವಾಗ ಕೇಳಿದಳು, "ಹಂಗಾದ್ರ ಕನಕ ಕತ್ತರಿಸೋದು ನವಜೀವನನೂ ಕತ್ತರಿಸ್ತೈತೇನ್ರೀ?"

ಇಲ್ಲ ತಾಯಿ, ಅದಕ್ಕೆ ಬೇರೆ ಕತ್ತರಿ ಬೇಕು.