ಊರಾಚೆ ಎಂಬ ಊರು

ಯಾವ ಮನೆಯ ಮಗುವನ್ನಾದರೂ ಕರೆದು, "ನಿಮ್ಮ ಮನೆಯ ಕಸ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರೆ, "ಗಾಡಿ ಬಂದು ತೆಗೆದುಕೊಂಡು ಹೋಗುತ್ತದೆ" ಎಂಬ ಉತ್ತರ ಥಟ್ಟನೆ ಬರುತ್ತದೆ. "ಗಾಡಿ ಎಲ್ಲಿಗೆ ಒಯ್ಯುತ್ತದೆ?" ಎಂದು ಮತ್ತೊಂದು ಪ್ರಶ್ನೆ ಹಾಕಿದರೆ ಮಗು ಕೊಂಚ ತಡೆದು, "ಊರಾಚೆಗೆ" ಎನ್ನುತ್ತದೆ. ಮೂರನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೂ ಅದಕ್ಕೆ ಉತ್ತರ ಹೇಳಬೇಕಾದವರು ಹಿರಿಯರು. ಅವರಲ್ಲಿ ಅನೇಕರಿಗೆ ಅದು ತಿಳಿಯದು. ನಗರವಾಸಿಯ ಭೂಗೋಳದಲ್ಲಿ 'ಊರಾಚೆ' ಎಂಬುದೊಂದು ವಿಚಿತ್ರ ಪ್ರದೇಶ. ಅದಕ್ಕೆ ಹೆಸರಿಲ್ಲ, ಎಲ್ಲೆಯಿಲ್ಲ, ಅಲ್ಲಿ ಒಕ್ಕಲಿಲ್ಲ. ಎಷ್ಟು ಸುರಿದರೂ ಅದು ತುಂಬುವುದೂ ಇಲ್ಲ.

ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ ಆ ಪ್ರದೇಶಕ್ಕೆ ಹೆಸರೂ ಉಂಟು, ಒಕ್ಕಲೂ ಉಂಟು. ಹಳೆಯ ಮದ್ರಾಸು ರಸ್ತೆಯಲ್ಲಿ ಕೃಷ್ಣರಾಜಪುರವನ್ನು ದಾಟಿ ಪೂರ್ವಕ್ಕೆ ಸಾಗಿದರೆ ಮಂಡೂರು ಸಿಕ್ಕುತ್ತದೆ. ಉತ್ತರದಲ್ಲಿ, ಯಲಹಂಕದಿಂದಾಚೆಗೆ, ಮಾವಳ್ಳಿಪುರವಿದೆ. ಹೊಲ, ತೋಟ, ಕೆರೆ, ಗುಡಿ ಎಲ್ಲವೂ ಇದ್ದ ಹಳ್ಳಿಗಳು ಇವು. ವರ್ಷಗಟ್ಟಲೆ ನಗರದ ಲಾರಿಗಳು ಇಲ್ಲಿಗೆ ಬಂದು ಬಂದು ಸುರಿದುಹೋದವು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಮುಚ್ಚಿದ ಕೂಡಲೆ ಬೆಂಗಳೂರಿನ ಬೀದಿಬೀದಿಗಳಲ್ಲಿ ಕಸ ಗುಡ್ಡೆಗುಡ್ಡೆಯಾಗಿ ಬಿದ್ದಿತು. ಉದ್ಯಾನನಗರಿಗೆ 'ಕಸದ ನಗರಿ' ಎಂಬ ಬಿರುದು ದೇಶವಿದೇಶಗಳ ಪತ್ರಿಕೆಗಳಿಂದ ದೊರೆಯಿತು. ಆಗ ಹೊರೆಯೆಲ್ಲ ಮಂಡೂರಿನ ತಲೆಯ ಮೇಲೆ ಬಂದಿತು. 2014ರ ಬೇಸಗೆ ಕಳೆಯುವ ಹೊತ್ತಿಗೆ ಆ ಊರಿನ ಜನ ಲಾರಿಗಳಿಗೆ ಅಡ್ಡ ಕುಳಿತರು. ನೊಣ, ದುರ್ವಾಸನೆ, ಕೆಟ್ಟ ನೀರು, ಮಕ್ಕಳ ಕಾಯಿಲೆ ಇವು ಅವರ ದೂರು. ಪೋಲೀಸರು ಬಂದರು, ಮಂತ್ರಿಗಳು ಬಂದರು, ಸರ್ಕಾರ ಗಡುವು ಬೇಡಿತು. ಕಡೆಗೆ 2014ರ ಡಿಸೆಂಬರ್ 1ರಿಂದ ಮಂಡೂರಿಗೆ ಕಸದ ಲಾರಿ ನಿಂತಿತು. ಸುರಿದ ಕಸ ಮಾತ್ರ ಬೆಟ್ಟವಾಗಿ ಅಲ್ಲಿಯೇ ಉಳಿಯಿತು.

ಮಂಡೂರಿಗೆ ಕೇಡು ಬಗೆಯಬೇಕೆಂದು ಬೆಂಗಳೂರಿನಲ್ಲಿ ಯಾರೂ ಸಂಕಲ್ಪ ಮಾಡಿರಲಿಲ್ಲ. ಒಬ್ಬೊಬ್ಬರು ಹಾಕಿದ್ದು ದಿನಕ್ಕೆ ಒಂದೊಂದು ಬುಟ್ಟಿ, ಅಷ್ಟೆ. ಆ ಬುಟ್ಟಿಯಲ್ಲಿ ಇದ್ದದ್ದಾದರೂ ಏನು? ಬಾಳೆಯ ಹಣ್ಣಿನ ಸಿಪ್ಪೆ ಮತ್ತು ಪ್ಲಾಸ್ಟಿಕ್ ಕವರು ಎಂದು ಎರಡನ್ನೇ ಹೆಸರಿಸಿದರೂ ವಿಷಯ ತಿಳಿಯುತ್ತದೆ. ಸಿಪ್ಪೆಯನ್ನು ಗಿಡದ ಬುಡದಲ್ಲಿ ಮಣ್ಣೆಳೆದು ಮುಚ್ಚಿದರೆ ಕೆಲವು ವಾರಗಳಲ್ಲಿ ಅದು ಮಣ್ಣೇ ಆಗುತ್ತದೆ. ಕವರನ್ನು ತೊಳೆದು ಒಣಗಿಸಿ ಗುಜರಿಯವನಿಗೆ ಕೊಟ್ಟರೆ ಅದು ಕರಗಿ ಇನ್ನೊಂದು ಸಾಮಾನಾಗುತ್ತದೆ. ಬೇರೆಬೇರೆಯಾಗಿ ಇದ್ದಾಗ ಎರಡೂ ಸಾಧು ಸ್ವಭಾವದವೇ. ಸಿಪ್ಪೆಯನ್ನು ಕವರಿನೊಳಗೆ ತುಂಬಿ ಗಂಟು ಹಾಕಿದರೆ ಅನರ್ಥ ಪ್ರಾರಂಭ. ಗಾಳಿಯಿಲ್ಲದೆ ಸಿಪ್ಪೆ ಕೊಳೆಯುತ್ತದೆ. ಆ ಕೊಳೆತದಿಂದ ಹುಟ್ಟುವ ಮೀಥೇನ್ ಹೊತ್ತಿಕೊಳ್ಳುವ ಅನಿಲ. ಕಸದ ಬೆಟ್ಟಗಳಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡುವುದಕ್ಕೆ ಅದೂ ಒಂದು ಕಾರಣ. ಮೇಲೆ ಮಳೆ ಸುರಿದಾಗ ಕಪ್ಪನೆಯ ರಸ ಜಿನುಗಿ ಮಣ್ಣಿಗಿಳಿದು ಬಾವಿಯ ನೀರನ್ನು ಮುಟ್ಟುತ್ತದೆ. ಕೊಳಕು ಮೆತ್ತಿದ ಕವರನ್ನು ಗುಜರಿಯವನೂ ಮುಟ್ಟುವುದಿಲ್ಲ. ಸಿಪ್ಪೆಯ ಆಸೆಗೆ ಬಾಯಿ ಹಾಕಿದ ಹಸು ಅದನ್ನೂ ನುಂಗುತ್ತದೆ.

ಇದನ್ನು ಮಕ್ಕಳಿಗೆ ಕಲಿಸುವುದಕ್ಕೆ ದೊಡ್ಡ ಗ್ರಂಥವೇನೂ ಬೇಡ. ಎರಡು ಮಡಕೆ ಸಾಕು. ಒಂದಕ್ಕೆ ಪಕ್ಕದಲ್ಲಿಯೂ ತಳದಲ್ಲಿಯೂ ಸಣ್ಣ ರಂಧ್ರಗಳಿರಲಿ. ಅದರಲ್ಲಿ ಒಂದು ಪದರ ತರಗೆಲೆ, ಒಂದು ಪದರ ತರಕಾರಿ ಸಿಪ್ಪೆ, ಮತ್ತೆ ತರಗೆಲೆ. ನಡುನಡುವೆ ಒಂದು ಹಿಡಿ ಹಳೆಯ ಗೊಬ್ಬರ, ಇಲ್ಲವೆ ಕೊಂಚ ಹುಳಿಮಜ್ಜಿಗೆ. ಇನ್ನೊಂದು ಮಡಕೆಯಲ್ಲಿ ಅದೇ ಸಿಪ್ಪೆಯನ್ನು ಕವರಿನಲ್ಲಿ ಕಟ್ಟಿ ಇಡಬೇಕು. ನಾಲ್ಕನೆಯ ದಿನಕ್ಕೆ ಮೂಗೇ ಪಾಠ ಹೇಳತೊಡಗುತ್ತದೆ. ಮೊದಲನೆಯ ಮಡಕೆಯೂ ಕೆಲವೊಮ್ಮೆ ನಾರುವುದುಂಟು. ಆಗ ಒದ್ದೆ ಹೆಚ್ಚಾಯಿತೆಂದು ತಿಳಿದು ತರಗೆಲೆ ಹಾಕಿ ಕೆದಕಿದರೆ ಸರಿಹೋಗುತ್ತದೆ. ಕೈಯಿಟ್ಟು ನೋಡಿದ ಮಗುವಿಗೆ ಅದರ ಒಡಲು ಬೆಚ್ಚಗಿರುವುದು ತಿಳಿದು ಆಶ್ಚರ್ಯವಾಗುತ್ತದೆ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಅಲ್ಲಿ ಉಣ್ಣುತ್ತಿವೆ ಎಂದು ಉಪಾಧ್ಯಾಯರು ಹೇಳಬೇಕಾದದ್ದು ಆಗ. ಅದಕ್ಕೆ ಮುಂಚೆ ಹೇಳಿದರೆ ಅದು ಬರಿಯ ಬಾಯಿಪಾಠ. ಒಂದೂವರೆ ಎರಡು ತಿಂಗಳಿನಲ್ಲಿ ಮಳೆ ಬಿದ್ದ ನೆಲದ ವಾಸನೆಯ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ಎರಡನೆಯ ಮಡಕೆಯ ಕವರನ್ನು ಬಿಚ್ಚುವ ಧೈರ್ಯ ತರಗತಿಯಲ್ಲಿ ಯಾರಿಗಿದೆಯೋ ಅವರೇ ಬಿಚ್ಚಲಿ!

ಕಾನೂನಿಗೇನೂ ಕೊರತೆಯಿಲ್ಲ. ಪರಿಸರದ ವಿಷಯವನ್ನು ಶಾಲಾಕಾಲೇಜುಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ 1991ರಲ್ಲಿಯೇ ನಿರ್ದೇಶಿಸಿತು. ಊರುಗಳ ಕಸದ ಗತಿಯೇನೆಂದು ಕೇಳಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಅದೇ ನ್ಯಾಯಾಲಯದ ಬಾಗಿಲು ತಟ್ಟಿದರು. 2000ದಲ್ಲಿ ಕೇಂದ್ರ ಸರ್ಕಾರದ ನಿಯಮಗಳು ಬಂದವು. ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2012ರ ಅಕ್ಟೋಬರಿನಲ್ಲಿ ಕಡ್ಡಾಯ ಮಾಡಿತು. 2015ರ ಡಿಸೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಇನ್ನೂ ಸ್ಪಷ್ಟವಾಗಿ, ಹಸಿಕಸಕ್ಕೆ ಹಸಿರು ಬುಟ್ಟಿ, ಮತ್ತೆ ಬಳಸಲು ಬಾರದ ಹೊಲಸಿಗೆ ಕೆಂಪು ಬುಟ್ಟಿ, ಒಣಕಸಕ್ಕೆ ಒಂದು ಚೀಲ ಎಂದು ವಿಧಿಸಿತು. ಉಚ್ಚ ನ್ಯಾಯಾಲಯವು ಗೃಹಸ್ಥನ ಕಸದ ಬುಟ್ಟಿಯ ಬಣ್ಣವನ್ನು ಗೊತ್ತುಮಾಡಬೇಕಾಗಿ ಬಂದದ್ದು ನಾಗರಿಕರ ಪಾಲಿಗೆ ಅಂಥ ಹೆಮ್ಮೆಯ ಸಂಗತಿಯೇನಲ್ಲ.

ಇನ್ನು ಶಾಲೆಗಳು. ಜೂನ್ 5ರಂದು ವಿಶ್ವ ಪರಿಸರ ದಿನ. ಪ್ಲಾಸ್ಟಿಕ್ಕಿನ ಕೆಡುಕನ್ನು ಸಾರುವ ಬ್ಯಾನರು ಪ್ಲಾಸ್ಟಿಕ್ಕಿನದೇ. ಸಭೆ ಮುಗಿದ ಮೇಲೆ ಅತಿಥಿಗಳಿಗೆ ಜರಿಕಾಗದ ಸುತ್ತಿದ ಹೂಗುಚ್ಛ, ಸಣ್ಣ ಸೀಸೆಯ ನೀರು. 'ಕಸದಿಂದ ರಸ' ಎಂಬ ಸ್ಪರ್ಧೆ ಹಲವು ಶಾಲೆಗಳಲ್ಲಿ ನಡೆಯುತ್ತದೆ. ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಮಗುವಿಗೆ ಅದರ ನೆನಪಾಗುತ್ತದೆ. ತಂದೆ ಸ್ಟೇಷನರಿ ಅಂಗಡಿಗೆ ಓಡಿ ಥರ್ಮೋಕೋಲು, ಮಿಣುಕು ಕಾಗದ, ಅಂಟು ತರುತ್ತಾನೆ. ಮನೆಯಲ್ಲಿ ಖಾಲಿ ಸೀಸೆಯಿಲ್ಲವೆಂದು ತುಂಬಿದ ಸೀಸೆಯನ್ನು ಕೊಂಡು ಪಾನೀಯವನ್ನು ಕುಡಿದು ಮುಗಿಸುತ್ತಾರೆ. ತಾಯಿ ನಡುರಾತ್ರಿಯವರೆಗೆ ಕುಳಿತು ಹೂದಾನಿ ಮಾಡುತ್ತಾಳೆ. ಬಹುಮಾನ ಮಗುವಿಗೆ; ಮೂರನೆಯ ದಿನ ಹೂದಾನಿ ಕಸದ ಬುಟ್ಟಿಗೆ. ರಸದಿಂದ ಕಸ ಮಾಡುವ ವಿದ್ಯೆಯನ್ನು ಮಗು ಹೀಗೆ ಚೆನ್ನಾಗಿ ಕಲಿಯುತ್ತದೆ.

ಕಸವನ್ನು ಕಡಮೆ ಮಾಡುವುದು ಇದಕ್ಕಿಂತ ಬೇರೆಯ ವಿದ್ಯೆ. ಹಿಂದಿನ ಮನೆಗಳಲ್ಲಿ ಅದನ್ನು ವಿದ್ಯೆಯೆಂದು ಯಾರೂ ಕರೆಯುತ್ತಿರಲಿಲ್ಲ. ಅವ್ವನ ಸೀರೆ ಹರಿದರೆ ಕೂಸಿನ ತೊಟ್ಟಿಲಿಗೆ ಹಾಸಾಗಿ, ಅಲ್ಲಿಯೂ ಸವೆದು ಕೌದಿಯ ಒಳಪದರವಾಗಿ ಸೇರುತ್ತಿತ್ತು. ತೆಂಗಿನ ನಾರು, ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ, ಮುಸುರೆ ದನಕ್ಕೆ, ಸಗಣಿ, ಕಸಕಡ್ಡಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಗೋಲಿಸೋಡಾ ಕುಡಿದವನು ಸೀಸೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬೇಕಾಗಿತ್ತು. ಮದುವೆಗೆ ಹಿತ್ತಾಳೆಯ ಪಾತ್ರೆಗಳನ್ನು ದೇವಸ್ಥಾನದಿಂದಲೋ ಸಂಘದಿಂದಲೋ ಎರವಲು ತರುತ್ತಿದ್ದರು. ಈಗ ಬೆಂಗಳೂರಿನಲ್ಲಿ ಕೆಲವರು ಸ್ಟೀಲು ತಟ್ಟೆಲೋಟಗಳ 'ಬ್ಯಾಂಕು' ನಡೆಸಿ ಸಮಾರಂಭಗಳಿಗೆ ಎರವಲು ಕೊಡುತ್ತಿರುವುದು ಅದೇ ಪದ್ಧತಿಯ ಹೊಸ ಹೆಸರು. ಹಳೆಯದೆಲ್ಲ ಹೊನ್ನೆಂದು ಹಾಡುವುದೂ ಸರಿಯಲ್ಲ. ಆ ಮಿತವ್ಯಯ ಬಹುಮಟ್ಟಿಗೆ ಇಲ್ಲದವರ ಮಿತವ್ಯಯ. ಆಗಿನ ಮನೆಯಂಗಳ ಶುಚಿಯಾಗಿದ್ದುದಕ್ಕೆ, ಕೆಲವು ಜಾತಿಗಳಲ್ಲಿ ಹುಟ್ಟಿದವರ ತಲೆಯ ಮೇಲೆ ಊರಿನ ಹೊಲಸನ್ನೆಲ್ಲ ಹೊರಿಸಿದ್ದೂ ಒಂದು ಕಾರಣ. ತಿಪ್ಪೆಯ ಲೆಕ್ಕವನ್ನು ಮಕ್ಕಳಿಗೆ ಕಲಿಸುವಾಗ ಈ ಲೆಕ್ಕವನ್ನು ಮರೆಮಾಚಬಾರದು.

ಮಲ್ಲೇಶ್ವರದಂಥ ಬಡಾವಣೆಯ ಯಾವುದೋ ಒಂದು ಮನೆ. ಅಜ್ಜಿ ಅಡುಗೆಮನೆಯ ಕಸವನ್ನೆಲ್ಲ ಕವರಿಗೆ ತುಂಬಿ ಗಂಟು ಬಿಗಿಯುತ್ತಿದ್ದಾಳೆ. ಶಾಲೆಯಲ್ಲಿ ಮಡಕೆಯ ಪಾಠ ಕೇಳಿ ಬಂದ ಮೊಮ್ಮಗಳು ಪಕ್ಕದಲ್ಲಿ ನಿಂತಿದ್ದಾಳೆ.

"ಅಜ್ಜಿ, ಯಾಕೆ ಕವರಿಗೆ ಹಾಕಿ ಕಟ್ತಿದೀಯ?"

"ಕೈ ಗಲೀಜಾಗಬಾರದು ಅಂತ ಕಣೇ ಪುಟ್ಟಿ."

"ಯಾರ ಕೈ ಅಜ್ಜಿ?"

ಅಜ್ಜಿಯ ಬಳಿ ಇದಕ್ಕೆ ಉತ್ತರವಿಲ್ಲ. ಮನೆಯವರ ಕೈ ಉಳಿದರೆ ಇನ್ನೊಬ್ಬರ ಕೈ ಹೊಲಸಾಗುತ್ತದೆ. ಆ ಗಂಟನ್ನು ಯಾರಾದರೂ ಬಿಚ್ಚಲೇಬೇಕು. ಬಿಚ್ಚುವವರು ಪೌರಕಾರ್ಮಿಕರು, ಇಲ್ಲವೆ ಕಸ ಆಯ್ದು ಬದುಕುವ ಹೆಂಗಸರು. ಅದರೊಳಗೆ ಒಡೆದ ಲೋಟದ ಚೂರಿರಬಹುದು, ಕ್ಷೌರದ ಬ್ಲೇಡಿರಬಹುದು, ಇಂಜೆಕ್ಷನ್ನಿನ ಸೂಜಿಯಿರಬಹುದು, ಮಗುವಿನ ಡಯಾಪರಿರಬಹುದು. ಇಂಥವನ್ನು ಹಳೆಯ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕೆಂದು ನಗರದಲ್ಲಿ ಎಷ್ಟೋ ಸಲ ಸಾರಿಯಾಗಿದೆ. ಒಂದು ಗೆರೆ ಕೆಂಪು ಮಸಿಗೆ ಎಷ್ಟು ಖರ್ಚು? ಹೀಗೆ ಕಸ ಆಯುವವರು ಪಾಲಿಕೆಗೆ ವರ್ಷಗಳಿಂದ ದುಡಿಮೆಯನ್ನು ಉಳಿಸಿಕೊಟ್ಟವರು; ಆದರೂ ಬೀದಿಯಲ್ಲಿ ಅವರನ್ನು ಕಳ್ಳರಂತೆ ಕಾಣುವುದು ವಾಡಿಕೆಯಾಗಿತ್ತು. 2011ರಲ್ಲಿ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡತೊಡಗಿತು. ಮುಂದೆ ವಾರ್ಡುಗಳಲ್ಲಿ ಏರ್ಪಟ್ಟ ಒಣಕಸ ಸಂಗ್ರಹಣ ಕೇಂದ್ರಗಳಲ್ಲಿ ಹಲವನ್ನು ನಡೆಸುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ.

ಶಾಲೆಗಳು ಮಕ್ಕಳನ್ನು ಅರಮನೆ, ಮೃಗಾಲಯಗಳಿಗೆ ಕರೆದೊಯ್ಯುವಂತೆ ಒಮ್ಮೆ ಇಂಥ ಕೇಂದ್ರಕ್ಕೂ ಕರೆದೊಯ್ಯಬಾರದೇಕೆ? ಪದಾರ್ಥಗಳ ವಿಷಯದಲ್ಲಿ ಅಲ್ಲಿಯ ಹೆಂಗಸರಿಗಿರುವ ಜ್ಞಾನ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಬೆರಳಿನಿಂದ ಉಜ್ಜಿ, ಸದ್ದು ಕೇಳಿ, ಇದು ಇಂಥ ಪ್ಲಾಸ್ಟಿಕ್ಕು, ಇದಕ್ಕೆ ಇಂಥ ಬೆಲೆ ಎಂದು ಅವರು ಹೇಳಬಲ್ಲರು. ತೊಳೆದು ಒಣಗಿಸಿದ ಹಾಲಿನ ಕವರಿಗೆ ಗಿರಾಕಿಯುಂಟು. ಮಕ್ಕಳು ಮೆಚ್ಚುವ ಕುರುಕು ತಿಂಡಿಯ ಥಳಥಳಿಸುವ ಪೊಟ್ಟಣಕ್ಕೆ ಇಲ್ಲ. ಪ್ಲಾಸ್ಟಿಕ್ಕಿನ ಮತ್ತು ಲೋಹದ ಪದರಗಳನ್ನು ಬಿಡಿಸಲಾರದಂತೆ ಅಂಟಿಸಿ ಮಾಡಿದ ಅದರ ಪಾಲಿಗೆ ಬಹುಮಟ್ಟಿಗೆ ಸಿಮೆಂಟು ಕಾರ್ಖಾನೆಯ ಕುಲುಮೆಯೇ ಗತಿ. ಇದನ್ನು ಆ ಹೆಂಗಸರ ಬಾಯಿಂದ ಕೇಳಿದ ಹುಡುಗ ಮರುದಿನ ಅಂಗಡಿಯ ಮುಂದೆ ಒಂದು ಕ್ಷಣವಾದರೂ ಯೋಚಿಸಿಯಾನು. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬಾರದು ಎಂಬುದೂ ಅಲ್ಲಿಯೇ ತಿಳಿಯುತ್ತದೆ. ಬೆರಳುಗುರಿನಷ್ಟು ಆ ಚೂರು ತರಕಾರಿ ಸಿಪ್ಪೆಯೊಡನೆ ಸೇರಿ ಗೊಬ್ಬರದಲ್ಲಿ ಉಳಿದುಬಿಡುತ್ತದೆ. ಮೂಲೆ ಕವರಿಗೆ ಅಂಟಿಕೊಂಡೇ ಇರುವಂತೆ ಸೀಳಿದರೆ ಸಾಕು.

"ಮನೆಯಲ್ಲಿ ಬೇರ್ಪಡಿಸಿ ಏನು ಬಂತು? ಗಾಡಿಯವರು ಎಲ್ಲವನ್ನೂ ಒಂದರಲ್ಲಿಯೇ ಸುರಿಯುತ್ತಾರೆ" ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಎಷ್ಟೋ ಬೀದಿಗಳಲ್ಲಿ ಹಾಗೆ ನಡೆದಿದೆ. ಬೆಳಗ್ಗೆ ಶ್ರದ್ಧೆಯಿಂದ ಎರಡು ಬುಟ್ಟಿ ಹಿಡಿದುಕೊಂಡು ಹೋದ ಮಗುವಿನ ಕಣ್ಣೆದುರಿಗೆ ಎರಡೂ ಒಂದಾಗುವುದಕ್ಕಿಂತ ಕೆಟ್ಟ ಪಾಠ ಬೇರೊಂದಿಲ್ಲ. ಶಾಲೆಯ ಒಂದು ವರ್ಷದ ಬೋಧನೆ ಆ ಒಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ. ಆದರೆ ಬೀದಿಯಲ್ಲಿ ಹತ್ತು ಮನೆಯವರು ಬೆರೆಸಿ ಕೊಟ್ಟರೆ ಹನ್ನೊಂದನೆಯ ಮನೆಯದನ್ನು ಗಾಡಿಯವನು ಪ್ರತ್ಯೇಕವಾಗಿ ಇಡುವುದೆಲ್ಲಿ? ಇಲ್ಲಿ ಒಬ್ಬೊಬ್ಬರ ಒಳ್ಳೆಯತನ ಸಾಲದು, ಬೀದಿ ಒಟ್ಟಾಗಬೇಕು. ನಾಲ್ಕು ದಿನ ಗಾಡಿ ಬರುವ ಹೊತ್ತಿಗೆ ಹಿರಿಯರು ಕೆಲವರು ಜೊತೆಯಲ್ಲಿ ನಿಂತು, ನೆರೆಯವರನ್ನು ಹೆಸರು ಹಿಡಿದು ಕರೆದು ಹೇಳಿ, ಗಾಡಿಯವನಿಗೆ ಒಂದು ಲೋಟ ನೀರು ಕೊಟ್ಟು, ಒಣಕಸ ಯಾವ ಕೇಂದ್ರಕ್ಕೆ ಹೋಗುತ್ತದೆಂದು ಕೇಳಿ, ಒಮ್ಮೆ ಅಲ್ಲಿಗೇ ಹೋಗಿ ನೋಡಿ ಬಂದರೆ ಬೀದಿ ಬದಲಾಗುತ್ತದೆ. ಹೀಗೆ ಬದಲಾದ ಬಡಾವಣೆಗಳು ಬೆಂಗಳೂರಿನಲ್ಲಿಯೇ ಇವೆ. ಮನೆಯ ಬುಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಕಸವೇ ಆದ್ದರಿಂದ, ಮಹಡಿಯ ಮೇಲೆ ಒಂದು ಗೊಬ್ಬರದ ಮಡಕೆಯಿಟ್ಟವರು ಗಾಡಿಯವನ ದಾರಿಯನ್ನು ಅಷ್ಟಾಗಿ ಕಾಯಬೇಕಾಗಿಯೂ ಇಲ್ಲ.

ಮಂಡೂರಿನಲ್ಲಿ ಲಾರಿ ನಿಂತ ಮೇಲೆ ಬೆಂಗಳೂರಿನ ಬೆರೆತ ಕಸ ಎಲ್ಲಿಗೆ ಹೋಯಿತೆಂದು ಓದುಗರಲ್ಲಿ ಕೆಲವರಾದರೂ ಕೇಳಿಯಾರು. ನಗರದ ಉತ್ತರಕ್ಕೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಡೆ ಕಲ್ಲು ತೆಗೆದು ಬಿಟ್ಟ ಗಣಿಗುಂಡಿಗಳಿವೆ. ಲಾರಿಗಳು ಅತ್ತ ತಿರುಗಿದವು. ಆ ಹಳ್ಳಿಗಳ ಮಕ್ಕಳೂ ಸರ್ಕಾರ ಅಚ್ಚುಹಾಕಿಸಿದ ಅದೇ ಪಠ್ಯಪುಸ್ತಕವನ್ನು ಓದುತ್ತಾರೆ. ನಗರದ ಉಪಾಧ್ಯಾಯರು ಕಸದ ಪಾಠಕ್ಕೆ ಮುಂಚೆ ಗೋಡೆಗೆ ಬೆಂಗಳೂರು ಜಿಲ್ಲೆಯ ನಕ್ಷೆಯೊಂದನ್ನು ತೂಗುಹಾಕಿ, ಈ ನಾಲ್ಕು ಊರುಗಳನ್ನು ಮಕ್ಕಳ ಕೈಯಿಂದಲೇ ಗುರುತಿಸಿ, ಅಲ್ಲಿಗೆ ತಮ್ಮ ಬೀದಿಯಿಂದ ಎಷ್ಟು ಮೈಲಿ ಎಂದು ಲೆಕ್ಕ ಹಾಕಿಸಲಿ.